ಮೂರೂವರೆ ವರ್ಷದ ಮಗುವಿಗೆ ಸ್ಕ್ಯಾನ್ ಬೇಡ, ಎರಡು ನೋಟ್‌ಬುಕ್ ಬೇಕು

ಎಲ್‌ಕೆಜಿ ಶುರುವಾಗಿ ಎರಡು ತಿಂಗಳಾಗುವಷ್ಟರಲ್ಲಿ ದಾವಣಗೆರೆಯ ಮಕ್ಕಳ ಓಪಿಡಿಯಲ್ಲಿ ಒಂದೇ ಮಾತು: "ಒಂದ್ ಕಡೆ ಕುಂದ್ರಲ್ಲ ಸರ್, ಮಿಸ್ಸು ಎಡಿಎಚ್‌ಡಿ ಇರ್ಬೋದು ಅಂದ್ರು. ಒಂದು ಸ್ಕ್ಯಾನ್ ಬರ್ಕೊಡ್ರಿ."

ಎಡಿಎಚ್‌ಡಿ ಎಂದರೆ ವಯಸ್ಸಿಗೆ ಮೀರಿ ಗಮನ ನಿಲ್ಲದ, ಚಡಪಡಿಸುವ ತೊಂದರೆ. ಇದು ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ, ಮೆದುಳಿನ ವಿದ್ಯುತ್ ಅಲೆಗಳನ್ನು ನೋಡುವ ಇಇಜಿಯಲ್ಲೂ ಇಲ್ಲ. ನಡವಳಿಕೆ ನೋಡಿಯೇ ಗುರುತಿಸಬೇಕು. ಅದೂ ಕನಿಷ್ಠ 6 ತಿಂಗಳಿಂದ, ಕನಿಷ್ಠ ಎರಡು ಕಡೆ ಇರಬೇಕು. ಈ 'ಎರಡು ಕಡೆ' ಎಂಬುದನ್ನು ಎಷ್ಟು ಸಲ ಹೇಳಿದರೂ ಸಾಲದು. ಶಾಲೆಯಲ್ಲಿ ಮಾತ್ರ ಕೂರುವುದಿಲ್ಲ, ಅಜ್ಜಿ ಮನೆಯಲ್ಲಿ ವಯಸ್ಸಿಗೆ ತಕ್ಕಂತಿದ್ದಾನೆ ಎಂದರೆ ಮೊದಲು ಆ ತರಗತಿಯನ್ನು ನೋಡಬೇಕು. ಅಲ್ಲಿ ಮೇ ತಿಂಗಳಲ್ಲಿ ಹುಟ್ಟಿದವನ ಪಕ್ಕ ಅದರ ಹಿಂದಿನ ಜೂನ್‌ನವನು ಕೂತಿರುತ್ತಾನೆ. ಈ ವಯಸ್ಸಿನಲ್ಲಿ ಹನ್ನೊಂದು ತಿಂಗಳೆಂದರೆ ಬಹಳ. ಮನೆಯಲ್ಲಿ ಮಾತ್ರ ಗಲಾಟೆಯಾದರೆ ಮನೆಯ ನಿದ್ದೆ, ಮೊಬೈಲು ನೋಡಬೇಕು. ನಮ್ಮೆದುರು ಹತ್ತು ನಿಮಿಷ ಸುಮ್ಮನಿದ್ದರೂ ಲೆಕ್ಕಕ್ಕಿಲ್ಲ, ಮೇಜು ಹತ್ತಿದರೂ ಲೆಕ್ಕಕ್ಕಿಲ್ಲ. "ಮೊಬೈಲ್ ಕೊಟ್ರೆ ಎರಡು ತಾಸು ಅಲ್ಲಾಡಲ್ಲ" ಎಂದರೂ ಏನೂ ತೀರ್ಮಾನವಾಗದು. ಎಡಿಎಚ್‌ಡಿ ಇರುವ ಮಗುವೂ ಹಾಗೆಯೇ ಕೂರುತ್ತದೆ.

ಅದಕ್ಕೇ ಎರಡು ನೋಟ್‌ಬುಕ್: ಒಂದು ಅಮ್ಮನ ಹತ್ತಿರ, ಒಂದು ಮಿಸ್ ಅಥವಾ ಅಂಗನವಾಡಿ ಕಾರ್ಯಕರ್ತೆಯ ಹತ್ತಿರ. "ತುಂಬಾ ಹಠ" ಎಂದು ಬರೆದರೆ ಉಪಯೋಗವಿಲ್ಲ. "ಸಂಜೆ 6.20. ಮಂಡಕ್ಕಿ ತಿನ್ನೋವಾಗ ಮೂರು ಸಲ ಎದ್ದ. ಟಿವಿ ಹಚ್ಚಿತ್ತು" ಎಂದು ಬರೆಯಿರಿ. ಎಷ್ಟೋ ಸಲ ಉತ್ತರ ಆ ಟಿವಿಯಲ್ಲೇ ಇರುತ್ತದೆ.

ಜೊತೆಗೆ ಕಿವಿ ಪರೀಕ್ಷೆ ಆಗಲಿ. ನೆಗಡಿ ಬಿಡದ ಮಗುವಿನ ಕಿವಿತಮಟೆಯ ಹಿಂದೆ ನೀರು ನಿಂತಿದ್ದರೆ ಕರೆದರೂ ತಿರುಗದು, ಪಾಪ, ಅದಕ್ಕೆ ಗಮನವಿಲ್ಲ ಎಂಬ ಹೆಸರು. ಗೊರಕೆಯಿದ್ದರೆ ಮೂಗಿನ ಹಿಂದಿರುವ ಅಡಿನಾಯ್ಡ್ ಗ್ರಂಥಿ ಊದಿದೆಯೇ ನೋಡಿಸಿ. ಈ ವಯಸ್ಸಿಗೆ ಹಗಲಿನದೂ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು; ನಿದ್ದೆಗೆಟ್ಟ ಮಗು ತೂಕಡಿಸುವ ಬದಲು ಕುಣಿಯುವುದೇ ಹೆಚ್ಚು. ಮಾತು ತಡವಾಗಿದ್ದರೆ, ಕಣ್ಣಲ್ಲಿ ಕಣ್ಣಿಟ್ಟು ನೋಡದಿದ್ದರೆ ನೋಟ್‌ಬುಕ್‌ಗೆ ಕಾಯದೆ ಬೆಳವಣಿಗೆಯ ತಪಾಸಣೆ ಮಾಡಿಸಿ.

ನಾಲ್ಕು ತುಂಬುವ ಮುನ್ನ ಸಾಮಾನ್ಯವಾಗಿ ಈ ಕಾಯಿಲೆಯ ಹೆಸರು ಬರೆಯುವುದಿಲ್ಲ. ನಾಲ್ಕೈದರಲ್ಲಿ ಖಚಿತವಾದರೂ ಮೊದಲ ಚಿಕಿತ್ಸೆ ತಂದೆತಾಯಿಗೆ ತರಬೇತಿ. "ಚಪ್ಪಲಿ ಹಾಕ್ಕೋ, ನೀರು ಕುಡಿ, ಬ್ಯಾಗ್ ತಗೋ" ಎಂದು ಅಡುಗೆಮನೆಯಿಂದ ಕೂಗಬೇಡಿ. ಹತ್ತಿರ ಹೋಗಿ, ಒಂದೇ ಮಾತು ಹೇಳಿ, ಮಾಡಿದ ಕೂಡಲೇ ಶಭಾಷ್ ಅನ್ನಿ. ಇಷ್ಟೂ ಸಾಲದಾದಾಗ ಮಾತ್ರೆಯ ಯೋಚನೆ, ಅದೂ ತಜ್ಞರ ನಿಗಾದಲ್ಲಿ.

ಆದರೆ ಮಗು ಮನೆ, ಶಾಲೆ ಎರಡೂ ಕಡೆ ಮತ್ತೆ ಮತ್ತೆ ರಸ್ತೆಗೆ ಓಡುತ್ತಿದ್ದರೆ, ತಾರಸಿ ಅಂಚಿಗೆ ಹತ್ತುತ್ತಿದ್ದರೆ ಆರು ತಿಂಗಳು ಕಾಯಬೇಡಿ. ನೋಟ್‌ಬುಕ್ ಎರಡೇ ಪುಟ ತುಂಬಿರಲಿ, ಕರೆದುಕೊಂಡು ಬನ್ನಿ.