ಹಿತ್ತಲಿನ ಹಾವು ಬುಸುಗುಟ್ಟುವುದೇಕೆ?

ಹಿತ್ತಲಿನಲ್ಲಿ ಒಣಗಿದ ತೆಂಗಿನ ಗರಿಗಳ ರಾಶಿಯನ್ನು ಎತ್ತುವಾಗ ಹೊರಬಿದ್ದ ಹಾವು ತಲೆಯೆತ್ತಿ, ಗಂಟಲುಬ್ಬಿಸಿ ಗುರುಗುಟ್ಟಿದರೆ ಅದನ್ನು ನಾಗರವೆಂದೇ ತಿಳಿದು ದೊಣ್ಣೆ ಹುಡುಕುವವರು ಹೆಚ್ಚು. ಅನೇಕ ಸಲ ಅದು ಎರಡು ಮೀಟರಿಗೂ ಮೀರಿ ಬೆಳೆಯುವ, ವಿಷವಿಲ್ಲದ ಕೇರೆ ಹಾವಾಗಿರುತ್ತದೆ. ನಾಗರಹಾವು ಕತ್ತಿನ ಪಕ್ಕೆಲುಬುಗಳನ್ನು ಹರಡಿ ಹೆಡೆಯನ್ನು ಅಗಲ ಮಾಡಿದರೆ, ಕೇರೆಯು ಎರಡು ಪಕ್ಕಗಳಿಂದ ಒತ್ತಿದಂತೆ ಕತ್ತನ್ನು ಚಪ್ಪಟೆ ಮಾಡುತ್ತದೆ. ಕೇರೆಯ ತುಟಿಯ ಹುರುಪೆಗಳ ಅಂಚಿನಲ್ಲಿ ಕಪ್ಪು ಗೆರೆಗಳೂ ಇರುತ್ತವೆ. ಬಣ್ಣವನ್ನಂತೂ ನಂಬುವಂತಿಲ್ಲ, ಏಕೆಂದರೆ ಎರಡರಲ್ಲೂ ಹಳದಿಯಿಂದ ಕಪ್ಪಿನವರೆಗೆ ಛಾಯೆಗಳುಂಟು.

ಬಾವಿಕಟ್ಟೆಯ ಬಳಿ ಕಾಣುವ ನೀರುಹಾವು ಕೂಡ ಕತ್ತನ್ನು ಚಪ್ಪಟೆಯಾಗಿಸಿ ಹೆಡೆಯ ಭ್ರಮೆ ಹುಟ್ಟಿಸುತ್ತದೆ. ಅದರ ಕಣ್ಣಿನ ಕೆಳಗೆ ಮತ್ತು ಹಿಂದೆ ಓರೆಯಾಗಿ ಇಳಿಯುವ ಎರಡು ಕಪ್ಪು ಗೆರೆಗಳೇ ಗುರುತು. ಹಸಿರು ಹಾವು ಮೈಯುಬ್ಬಿಸಿ, ಹುರುಪೆಗಳ ನಡುವೆ ಅಡಗಿದ್ದ ಕಪ್ಪು-ಬಿಳುಪು ಚರ್ಮವನ್ನು ತೋರಿಸುತ್ತದೆ. ಗರಗಸ ಮಂಡಲವು ಸುರುಳಿ ಸುತ್ತಿ, ಗರಗಸದ ಹಲ್ಲಿನಂತಹ ಏಣುಗಳಿರುವ ಪಕ್ಕದ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಕರಕರ ಸದ್ದು ಮಾಡುತ್ತದೆ. ಬೆನ್ನ ಮೇಲೆ ಸರಪಣಿಯಂತೆ ಮೂರು ಸಾಲು ಮಚ್ಚೆಗಳಿರುವ ಕೊಳಕು ಮಂಡಲದ ಬುಸುಗುಟ್ಟುವಿಕೆ ಇವೆಲ್ಲಕ್ಕಿಂತ ಜೋರು. ಇವೆಲ್ಲ ದಾಳಿಯ ಸಿದ್ಧತೆಗಿಂತ ಹೆಚ್ಚಾಗಿ "ದೂರವಿರು" ಎಂಬ ಎಚ್ಚರಿಕೆಗಳು. ಹಾವಿಗೆ ವಿಷವು ಬೇಟೆಯ ಸಾಧನ. ಖಾಲಿಯಾದ ವಿಷಗ್ರಂಥಿ ಮತ್ತೆ ತುಂಬಲು ದಿನಗಳೇ ಬೇಕು. ನುಂಗಲಾಗದ ಮನುಷ್ಯನ ಮೇಲೆ ಅದನ್ನು ವ್ಯಯಿಸುವುದಕ್ಕಿಂತ ಬೆದರಿಸಿ ಓಡಿಸುವುದೇ ಅದಕ್ಕೆ ಲಾಭ.

ನಿಜವಾಗಿ ಅಂಜಬೇಕಾದದ್ದು ಸದ್ದಿಲ್ಲದ ಹಾವಿಗೆ. ಕಟ್ಟುಹಾವು ಹಗಲಿನಲ್ಲಿ ಕೆಣಕಿದರೂ ತಲೆಯನ್ನು ಸುರುಳಿಯೊಳಗೆ ಹುದುಗಿಸಿ ಸುಮ್ಮನಿರುವುದುಂಟು. ರಾತ್ರಿ ಅದೇ ಹಾವು ಚುರುಕಾಗಿ ಓಡಾಡಿ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಇದನ್ನು ಹೋಲುವ, ಗೋಡೆ ಹತ್ತಿ ಹಲ್ಲಿ ಹಿಡಿಯುವ ವಿಷರಹಿತ ತೋಳಹಾವೂ ಹೆದರಿದಾಗ ತಲೆ ಮರೆಸಿಕೊಳ್ಳುವುದರಿಂದ ನಡವಳಿಕೆಯೊಂದರಿಂದಲೇ ಇವನ್ನು ಬೇರ್ಪಡಿಸಲಾಗದು. ಸಾಮಾನ್ಯವಾಗಿ ತೋಳಹಾವಿನ ಪಟ್ಟಿಗಳು ಕತ್ತಿನ ಬಳಿ ಸ್ಪಷ್ಟವಾಗಿದ್ದು ಬಾಲದತ್ತ ಮಸುಕಾಗುತ್ತವೆ. ಕಟ್ಟುಹಾವಿನಲ್ಲಿ ಅವು ತಲೆಯ ಬಳಿ ಮಸುಕಾಗಿದ್ದು ಬಾಲದತ್ತ ಎದ್ದು ಕಾಣುತ್ತವೆ. ಕಟ್ಟುಹಾವಿನ ಬೆನ್ನಿನ ನಡುಸಾಲಿನ ಹುರುಪೆಗಳು ದೊಡ್ಡವು, ಷಟ್ಕೋನಾಕಾರದವು; ಇದು ಹೆಚ್ಚು ಖಚಿತವಾದ ಗುರುತಾದರೂ ಅದನ್ನು ನೋಡಲು ಜೀವಂತ ಹಾವಿನ ಹತ್ತಿರ ಬಗ್ಗುವುದು ಜಾಣತನವಲ್ಲ. ದೂರದಿಂದ ತೆಗೆದ ಫೋಟೋ ಸಾಕು.

ಕಟ್ಟುಹಾವಿನ ಕಡಿತದಲ್ಲಿ ನೋವು, ಬಾವು ಅತ್ಯಲ್ಪವಾಗಿದ್ದು, ಹಲ್ಲಿನ ಗುರುತು ಕಾಣದೆಯೂ ಇರಬಹುದು. ನೆಲದಲ್ಲಿ ಮಲಗಿದ್ದವರು ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದು, ರೆಪ್ಪೆಗಳು ಜೋತುಬೀಳತೊಡಗಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಕಟ್ಟು ಬಿಗಿಯುವುದು, ಗಾಯ ಕೊಯ್ಯುವುದು ಬೇಡ. ಕಡಿತಕ್ಕೊಳಗಾದವರನ್ನು ಆದಷ್ಟು ಅಲುಗಾಡಿಸದೆ ಸಾಗಿಸಬೇಕು. ಹಾವನ್ನು ಕೊಂದು ಜೊತೆಗೆ ಒಯ್ಯುವ ಅಗತ್ಯವೂ ಇಲ್ಲ: ನಮ್ಮಲ್ಲಿ ಬಳಸುವ ಪ್ರತಿವಿಷ ಔಷಧವನ್ನು ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಟ್ಟಾಗಿಯೇ ತಯಾರಿಸಿರುತ್ತಾರೆ.