ನಿಂತಾಗ ನಡುಗುತ್ತದೆ, ಓಡುವಾಗ ಸರಿ ಇದೆ: ಹಳೇ ಪೆಟ್ರೋಲ್ ಕಾರಿಗೆ ಏನಾಗಿದೆ?

ಪ್ರಶ್ನೆ: ನಮ್ಮದು 2005ರ ಆಲ್ಟೊ. ಅಪ್ಪ ತಗೊಂಡಿದ್ದು. ಲಕ್ಷ ಕಿಲೋಮೀಟರ್ ಹತ್ತಿರ ಓಡಿದೆ. ಸಿಗ್ನಲ್‌ನಲ್ಲಿ ನಿಂತಾಗ ಸ್ಟೇರಿಂಗ್, ಸೀಟು ಎಲ್ಲ ನಡುಗುತ್ತವೆ. ಎ.ಸಿ. ಹಾಕಿದರೆ ಇನ್ನೂ ಜಾಸ್ತಿ. ಓಡಿಸುವಾಗ ಏನೂ ತೊಂದರೆ ಇಲ್ಲ. ಪ್ಲಗ್ ಬದಲಾಯಿಸಿದ್ದಾಯ್ತು, ಕಾಯಿಲ್ ಬದಲಾಯಿಸಿದ್ದಾಯ್ತು. ಈಗ ಇಂಜಿನ್ ಇಳಿಸಿ ನೋಡಬೇಕು ಅಂತಿದ್ದಾರೆ. ಒಪ್ಪಿಕೊಳ್ಳಲಾ?

ಉತ್ತರ: ಈಗಲೇ ಒಪ್ಪಿಕೊಳ್ಳಬೇಡಿ. ನಿಮ್ಮ ಪ್ರಶ್ನೆಯನ್ನು ಇನ್ನೊಂದು ಸಲ ಓದಿ. 'ಓಡಿಸುವಾಗ ಏನೂ ತೊಂದರೆ ಇಲ್ಲ' ಅಂತ ನೀವೇ ಬರೆದಿದ್ದೀರಿ. ಅರ್ಧ ಉತ್ತರ ಆ ಸಾಲಿನಲ್ಲೇ ಇದೆ. ಆ ಮಾತನ್ನು ಯಾರಾದರೂ ಕಿವಿಗೆ ಹಾಕಿಕೊಂಡಿದ್ದರೆ ಪ್ಲಗ್ಗು, ಕಾಯಿಲ್ಲು ಮೊದಲು ಬದಲಾಯಿಸುತ್ತಿರಲಿಲ್ಲ.

ಯಾಕೆ ಅಂತ ಹೇಳುತ್ತೇನೆ. ಮೂರನೇ ಗೇರಿನಲ್ಲಿ ದಿಣ್ಣೆ ಹತ್ತುವಾಗ ಸಿಲಿಂಡರ್ ಒಳಗೆ ಒತ್ತಡ ತುಂಬಾ ಇರುತ್ತದೆ. ಅಷ್ಟು ಒತ್ತಡದ ನಡುವೆ ಕಿಡಿ ಹಾರಿಸಬೇಕಾದರೆ ಪ್ಲಗ್ಗು, ಕಾಯಿಲ್ಲು, ವೈರು ಮೂರೂ ಗಟ್ಟಿ ಇರಬೇಕು. ಅವು ಸೋತಿದ್ದರೆ ಸಾಮಾನ್ಯವಾಗಿ ಅಂಥ ಕಡೆಯೇ ಗಾಡಿ ಎಳೆದೆಳೆದು ಹೊಡೆಯುತ್ತದೆ. ಪೆಟ್ರೋಲ್ ಪಂಪ್, ಫಿಲ್ಟರ್ ಕತೆಯೂ ಅದೇ. ನಿಂತಿರುವ ಇಂಜಿನ್‌ಗೆ ಬೇಕಾಗುವ ಪೆಟ್ರೋಲ್ ಬಹಳ ಕಡಿಮೆ. ಕಟ್ಟಿಕೊಂಡ ಫಿಲ್ಟರ್ ಕೂಡ ಅಷ್ಟನ್ನು ಕೊಟ್ಟುಬಿಡುತ್ತದೆ. ಜೋರು ಓಡಿಸಿದಾಗ ಅದರ ಬಣ್ಣ ಬಯಲಾಗುತ್ತದೆ.

ನಿಂತಾಗ ಮಾತ್ರ ನಡುಗುತ್ತದೆ ಅಂದರೆ ನೋಡಬೇಕಾದ್ದು ಬೇರೆ ಜಾಗ. ಎಲ್ಲೋ ಕಳ್ಳಗಾಳಿ ಒಳಗೆ ನುಗ್ಗುತ್ತಿರಬಹುದು. ಇಂಜಿನ್‌ಗೆ ಗಾಳಿ ಬಿಡುವ ಬಾಗಿಲು, ಅಂದರೆ ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿರಬಹುದು. ಸಿಲಿಂಡರಿನ ವಾಲ್ವುಗಳನ್ನು (ಗಾಳಿ ಬರುವ, ಹೊಗೆ ಹೋಗುವ ಬಾಗಿಲುಗಳು) ಒತ್ತಿ ತೆರೆಯುವ ಟ್ಯಾಪೆಟ್ ಬಿಗಿಯಾಗಿರಬಹುದು. ಇಲ್ಲವೇ ಇಂಜಿನ್ ಸರಿಯಾಗೇ ಇದ್ದು ಅದನ್ನು ಹೊತ್ತಿರುವ ಮೌಂಟಿಂಗ್ ರಬ್ಬರ್ ಸತ್ತಿರಬಹುದು. ಇವುಗಳಲ್ಲಿ ಹೆಚ್ಚಿನವನ್ನು ನೋಡಲು ಇಂಜಿನ್ ಇಳಿಸಬೇಕಾಗಿಲ್ಲ.

ಮೌಂಟಿಂಗ್ ಮೊದಲು ಮುಗಿಸಿಬಿಡೋಣ. ಕಾರನ್ನು ಬಯಲಲ್ಲಿ ನಿಲ್ಲಿಸಿ. ಮುಚ್ಚಿದ ಶೆಡ್ಡಿನಲ್ಲಿ ಬೇಡ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಪ್ರಾಣಕ್ಕೇ ಅಪಾಯ. ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ಗೆ ಹಾಕಿ, ಬಾನೆಟ್ ಎತ್ತಿ ಇಂಜಿನ್ ನೋಡಿ. ಸೈಲೆನ್ಸರ್ ಹಿಂದೆ ನಿಂತು ಸದ್ದು ಕೇಳಿ. ಸದ್ದು ಒಂದೇ ಸಮ ಬರುತ್ತಿದೆ, ಇಂಜಿನ್ ಕೂಡ ಸಮನಾಗಿ ಅಲುಗುತ್ತಿದೆ, ಆದರೆ ಒಳಗೆ ಸ್ಟೇರಿಂಗ್ ಮಾತ್ರ ಗಡಗಡ ಅನ್ನುತ್ತಿದೆ ಅಂದರೆ ಮೌಂಟಿಂಗ್ ಮೇಲೆ ಅನುಮಾನ ಪಡಿ. ಮೂರು ಸಿಲಿಂಡರಿನ ಇಂಜಿನ್‌ಗೆ ಹುಟ್ಟಿನಿಂದಲೇ ಒಂದಿಷ್ಟು ನಡುಕ ಇರುತ್ತದೆ. ಅದನ್ನು ನುಂಗುವುದು ಆ ರಬ್ಬರಿನ ಕೆಲಸ. ಇಪ್ಪತ್ತು ವರ್ಷದ ರಬ್ಬರ್ ಕಲ್ಲಿನ ಹಾಗೆ ಆಗಿರುತ್ತದೆ, ಇಲ್ಲವೇ ಹರಿದಿರುತ್ತದೆ.

ಸದ್ದಿನಲ್ಲೇ ತಾಳ ತಪ್ಪುತ್ತಿದ್ದರೆ ಅದು ಮಿಸ್ಸಿಂಗ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಹೊಡೆತ ತಪ್ಪುತ್ತಿದೆ. ಆಗ ಕೇಳಬೇಕಾದ ಪ್ರಶ್ನೆ ಒಂದೇ: ಒಂದು ಸಿಲಿಂಡರ್ ಮಲಗಿದೆಯಾ (ಕೆಲಸ ಬಿಟ್ಟಿದೆಯಾ), ಇಲ್ಲಾ ಎಲ್ಲವೂ ಒಟ್ಟಿಗೆ ತಡವರಿಸುತ್ತಿವೆಯಾ? ಇದಕ್ಕೆ ಉತ್ತರ ಸಿಗುವ ತನಕ ಒಂದು ರೂಪಾಯಿಯ ಪಾರ್ಟ್ ಕೂಡ ತರಬೇಡಿ. ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಹಳೇ ಕಾರುಗಳು ಗುಜರಿಗೆ ಹೋಗುವುದು ಎಷ್ಟೋ ಸಲ ಕೆಟ್ಟಿದ್ದಕ್ಕಲ್ಲ. ಊಹೆಯ ಮೇಲೆ ಒಂದೊಂದೇ ಪಾರ್ಟ್ ಬದಲಾಯಿಸಿ, ದುಡ್ಡು ಕಳೆದು, ಮನೆಯವರಿಗೆ ಬೇಸರ ಬಂದು ಕೊಟ್ಟುಬಿಡುತ್ತಾರೆ.

ಸ್ವಲ್ಪ ಲೆಕ್ಕ ಹಾಕಿ. ನಿಮ್ಮ 796 ಸಿಸಿ ಇಂಜಿನ್‌ಗೆ ಮೂರು ಸಿಲಿಂಡರ್. ಐಡ್ಲಿಂಗ್, ಅಂದರೆ ನಿಂತಾಗಿನ ವೇಗ, 900 ಆರ್‌ಪಿಎಂ (ನಿಮಿಷಕ್ಕೆ 900 ಸುತ್ತು) ಅಂತ ಇಟ್ಟುಕೊಳ್ಳಿ. ಒಂದೊಂದು ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆ ಹೊಡೆಯುತ್ತದೆ, ಅಂದರೆ ನಿಮಿಷಕ್ಕೆ 450 ಸಲ. ಮೂರೂ ಸೇರಿ 1350. ಇಂಜಿನ್ ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್, 240 ಡಿಗ್ರಿ ತಿರುಗುವಷ್ಟರಲ್ಲಿ ಒಂದು ಹೊಡೆತ ಬಿದ್ದೇ ಬೀಳುತ್ತದೆ. ಒಂದು ಸಿಲಿಂಡರ್ ಮಲಗಿದರೆ ಆ ಜಾಗದಲ್ಲಿ 480 ಡಿಗ್ರಿ ಖಾಲಿ. ಎತ್ತಿನ ಗಾಡಿಯ ಚಕ್ರದ ಪಟ್ಟಿ ಒಂದು ಕಡೆ ಎದ್ದಿದ್ದರೆ ಪ್ರತಿ ಸುತ್ತಿಗೂ ಧಡ್ ಅನ್ನುತ್ತದಲ್ಲ, ಹಾಗೆ. ನಾಲ್ಕು ಸಿಲಿಂಡರಿನ ಝೆನ್‌ನಲ್ಲಿ ಇದೇ ತೊಂದರೆ ಇಷ್ಟು ಜೋರಾಗಿ ಗೊತ್ತಾಗುವುದಿಲ್ಲ.

ಯಾವುದು ಮಲಗಿದೆ ಅಂತ ಹುಡುಕುವುದು ಹೇಗೆ? ನಿಮ್ಮದು ಎಂಪಿಎಫ್‌ಐ. ಅಂದರೆ ಒಂದೊಂದು ಸಿಲಿಂಡರಿಗೂ ಪೆಟ್ರೋಲ್ ಚಿಮುಕಿಸುವ ಒಂದೊಂದು ಇಂಜೆಕ್ಟರ್ ಇದೆ. ಇಂಜಿನ್ ಓಡುತ್ತಿರುವಾಗ ಒಂದು ಇಂಜೆಕ್ಟರಿನ ಕನೆಕ್ಟರ್ ತೆಗೆಯಿರಿ, ಸದ್ದು ಕೇಳಿ, ವಾಪಸ್ ಹಾಕಿ. ಆಮೇಲೆ ಮುಂದಿನದು. ಚೆನ್ನಾಗಿರುವ ಸಿಲಿಂಡರಿನದು ತೆಗೆದರೆ ಇಂಜಿನ್ ಕುಸಿಯುತ್ತದೆ, ನಡುಕ ಜಾಸ್ತಿ ಆಗುತ್ತದೆ. ಯಾವುದನ್ನು ತೆಗೆದರೂ ಏನೂ ಬದಲಾಗುವುದಿಲ್ಲವೋ ಅದೇ ಮಲಗಿರುವುದು. ಚೆಕ್ ಇಂಜಿನ್ ದೀಪ ಹತ್ತಿದರೆ ಗಾಬರಿ ಬೇಡ, ಕನೆಕ್ಟರ್ ತೆಗೆದಿದ್ದನ್ನು ಕಂಪ್ಯೂಟರ್ ಗಮನಿಸಿದೆ ಅಷ್ಟೆ. ಇಂಜೆಕ್ಟರ್ ಬದಲು ಕಾರ್ಬ್ಯುರೇಟರ್ ಗಾಳಿಗೆ ಪೆಟ್ರೋಲ್ ಬೆರೆಸುವ ಹಳೇ ಗಾಡಿಗಳಲ್ಲಿ ಪ್ಲಗ್ ವೈರನ್ನೇ ಕೀಳುವ ರೂಢಿ ಇದೆ. ಓಡುವ ಇಂಜಿನ್‌ನಲ್ಲಿ ಅದನ್ನು ನೀವು ಮಾಡಬೇಡಿ. ಸಾವಿರಾರು ವೋಲ್ಟ್ ಇರುತ್ತದೆ. ಶರ್ಟಿನ ತೋಳು ಮಡಿಸಿ, ದುಪಟ್ಟಾ ಇದ್ದರೆ ತೆಗೆದಿಡಿ. ರೇಡಿಯೇಟರ್ ಫ್ಯಾನ್ ಯಾವಾಗ ಬೇಕಾದರೂ ತಾನಾಗೇ ತಿರುಗುತ್ತದೆ.

ಮೂರರಲ್ಲಿ ಯಾವುದನ್ನು ತೆಗೆದರೂ ಒಂದೇ ಥರ ಕುಸಿಯಿತು ಅಂದರೆ ಮೂರೂ ಕೆಲಸ ಮಾಡುತ್ತಿವೆ. ತೊಂದರೆ ಮೂರಕ್ಕೂ ಸೇರಿದ ಜಾಗದಲ್ಲಿದೆ. ಎ.ಸಿ. ಹಾಕಿದರೆ ಜಾಸ್ತಿ ಅಂದಿದ್ದೀರಲ್ಲ, ಅದೂ ಆ ಕಡೆಗೇ ಬೆರಳು ತೋರಿಸಬಹುದು. ಎ.ಸಿ. ಕಂಪ್ರೆಸರ್ ಭಾರ ಬಿದ್ದಾಗ ಐಡಲ್ ಕಂಟ್ರೋಲ್ ವಾಲ್ವ್ ಸ್ವಲ್ಪ ಗಾಳಿ ಹೆಚ್ಚು ಬಿಡಬೇಕು. ಅದರ ದಾರಿಯಲ್ಲಿ ಮಸಿ ತುಂಬಿದ್ದರೆ ಬಿಡುವುದಕ್ಕೆ ಆಗುವುದಿಲ್ಲ, ಇಂಜಿನ್ ಬಗ್ಗುತ್ತದೆ. ಥ್ರಾಟಲ್ ಬಾಡಿ ಮತ್ತು ಆ ದಾರಿ ಎರಡನ್ನೂ ಸರಿಯಾದ ಸ್ಪ್ರೇ ಹಾಕಿ, ಬಟ್ಟೆಯಿಂದ ಒರೆಸಿ ತೆಗೆಸಿ. ಉಜ್ಜಿ ಗೀರು ಮಾಡಬಾರದು. ಆದರೆ ಐಡ್ಲಿಂಗ್ ಸ್ಕ್ರೂ ತಿರುಗಿಸಿ 'ಸರಿ ಹೋಯ್ತು ನೋಡಿ' ಅಂದರೆ ಒಪ್ಪಬೇಡಿ. ಆರ್‌ಪಿಎಂ ಏರಿಸಿದರೆ ನಡುಕ ಮರೆಯಾಗುತ್ತದೆ, ಕಾಯಿಲೆ ಅಲ್ಲೇ ಇರುತ್ತದೆ, ಪೆಟ್ರೋಲ್ ಖರ್ಚಾಗುತ್ತದೆ.

ಇನ್ನು ಕಳ್ಳಗಾಳಿ. ಐಡ್ಲಿಂಗ್‌ನಲ್ಲಿ ಥ್ರಾಟಲ್ ಹೆಚ್ಚುಕಮ್ಮಿ ಮುಚ್ಚಿರುತ್ತದೆ. ಇಂಜಿನ್ ಎಳೆಯುತ್ತಲೇ ಇರುವುದರಿಂದ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಒಳಗೆ ಬಲವಾದ ವ್ಯಾಕ್ಯೂಮ್, ಅಂದರೆ ಹೀರುವ ಸೆಳೆತ. ರಬ್ಬರ್ ಪೈಪಿನಲ್ಲಿ ಕೂದಲೆಳೆಯ ಬಿರುಕಿದ್ದರೂ ಗಾಳಿ ನುಗ್ಗುತ್ತದೆ. ಆಕ್ಸಿಲರೇಟರ್ ಒತ್ತಿದಾಗ ದೊಡ್ಡ ಬಾಗಿಲೇ ತೆರೆದುಕೊಳ್ಳುತ್ತದೆ, ಆ ಬಿರುಕಿನ ಗಾಳಿ ಲೆಕ್ಕಕ್ಕೇ ಬರುವುದಿಲ್ಲ. 'ಓಡಿಸುವಾಗ ಸರಿ' ಅನ್ನುವುದರ ಅರ್ಥ ಇದೇ ಇರಬಹುದು.

ಇಲ್ಲಿ ಒಂದು ಸೂಕ್ಷ್ಮ ಇದೆ. ನಿಮ್ಮ ಇಂಜಿನ್‌ನಲ್ಲಿ ಕಂಪ್ಯೂಟರ್ ಮ್ಯಾನಿಫೋಲ್ಡಿನ ಒತ್ತಡ ಅಳೆದು ಪೆಟ್ರೋಲ್ ಎಷ್ಟು ಕೊಡಬೇಕು ಅಂತ ತೀರ್ಮಾನಿಸುತ್ತದೆ. ಮೂರಕ್ಕೂ ಸೇರಿದ ಜಾಗದಲ್ಲಿ ಸೋರಿದರೆ ಅದು ಆ ಗಾಳಿಗೂ ಪೆಟ್ರೋಲ್ ಕೊಡುತ್ತದೆ. ಆಗ ಐಡ್ಲಿಂಗ್ ಏರುತ್ತದೆ, ಇಲ್ಲವೇ ಏರುತ್ತಾ ಇಳಿಯುತ್ತಾ ಉಯ್ಯಾಲೆ ಆಡುತ್ತದೆ. ಒಂದೇ ಸಿಲಿಂಡರಿನ ದಾರಿಯಲ್ಲಿ, ಅಂದರೆ ಅಲ್ಲಿನ ಗ್ಯಾಸ್ಕೆಟ್ ಅಥವಾ ಇಂಜೆಕ್ಟರಿನ ರಬ್ಬರ್ ಬಳೆಯಲ್ಲಿ ಸೋರಿದರೆ, ಆ ಒಂದು ಸಿಲಿಂಡರ್ ಮಾತ್ರ ಪೆಟ್ರೋಲ್ ಸಾಲದೆ ಮಲಗುತ್ತದೆ.

ಹುಡುಕುವುದಕ್ಕೆ ಗಿಡಕ್ಕೆ ನೀರು ಹೊಡೆಯುವ ಸಣ್ಣ ಸ್ಪ್ರೇ ಬಾಟಲಿ ಸಾಕು. ಮ್ಯಾನಿಫೋಲ್ಡ್ ಜೋಡಣೆಗಳ ಮೇಲೆ, ಪೈಪುಗಳ ತುದಿಗಳ ಮೇಲೆ ಸ್ವಲ್ಪ ಸ್ವಲ್ಪ ನೀರು ಹೊಡೆಯಿರಿ. ಪ್ಲಗ್, ಕನೆಕ್ಟರ್ ಕಡೆ ಬೇಡ. ಸೋರುವ ಜಾಗದ ಬಿರುಕನ್ನು ನೀರು ಒಂದು ಕ್ಷಣ ಮುಚ್ಚುತ್ತದೆ, ಇಂಜಿನ್ ಸದ್ದು ಬದಲಾಗುತ್ತದೆ. ಕೆಲವರು ಕಾರ್ಬ್ಯುರೇಟರ್ ಕ್ಲೀನರ್ ಹೊಡೆಯುತ್ತಾರೆ. ಅದು ಬೆಂಕಿ ಹತ್ತಿಕೊಳ್ಳುವ ವಸ್ತು, ಪಕ್ಕದಲ್ಲೇ ಕಾದ ಎಕ್ಸಾಸ್ಟ್ ಇರುತ್ತದೆ. ನೀರೇ ವಾಸಿ. ಬ್ರೇಕ್ ಪೆಡಲ್ ಹಗುರ ಮಾಡುವ ಬೂಸ್ಟರಿಗೆ ಹೋಗುವ ದಪ್ಪ ಪೈಪನ್ನು ಮರೆಯಬೇಡಿ. ಬ್ರೇಕ್ ತುಳಿದಾಗ ಐಡ್ಲಿಂಗ್ ತುಂಬಾ ಬದಲಾದರೆ, ಪೆಡಲ್ ಗಟ್ಟಿಯಾಗಿದ್ದರೆ, ಅದನ್ನು ಅವತ್ತೇ ತೋರಿಸಿ. ಅದು ಬ್ರೇಕಿನ ವಿಷಯ. ಮಲೆನಾಡಿನಲ್ಲೋ ತೋಟದ ಮನೆಯಲ್ಲೋ ಇದ್ದರೆ ಇಲಿ ಕಡಿದ ಗುರುತನ್ನೂ ನೋಡಿ. ಪೈಪನ್ನೂ ಬಿಡುವುದಿಲ್ಲ, ವೈರನ್ನೂ ಬಿಡುವುದಿಲ್ಲ.

ಆ ಸೆಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಇಟ್ಟಿರುವ ಗ್ಯಾರೇಜ್ ಸಿಕ್ಕರೆ ನಿಮ್ಮ ಪುಣ್ಯ. ಆದರೆ ಪುಸ್ತಕದಲ್ಲಿರುವ 18ರಿಂದ 22 ಇಂಚು (ಪಾದರಸದ ಲೆಕ್ಕದಲ್ಲಿ) ಅನ್ನುವ ಅಂಕಿ ಸಮುದ್ರ ಮಟ್ಟದ್ದು. ಸಾವಿರ ಅಡಿ ಮೇಲೇರಿದರೆ ಸುಮಾರು ಒಂದು ಇಂಚು ಕಡಿಮೆ ತೋರಿಸುತ್ತದೆ. ಬೆಂಗಳೂರು ಮೂರು ಸಾವಿರ ಅಡಿ ಎತ್ತರದಲ್ಲಿದೆ. ಮಂಗಳೂರಿನಲ್ಲಿ 19 ತೋರಿಸುವ ಒಳ್ಳೇ ಇಂಜಿನ್ ಬೆಂಗಳೂರಿನಲ್ಲಿ 16 ತೋರಿಸಿದರೆ ಅದರಲ್ಲಿ ತಪ್ಪೇನೂ ಇಲ್ಲ. ಅಂಕಿಗಿಂತ ಮುಳ್ಳನ್ನು ನೋಡಿ. ಸ್ಥಿರವಾಗಿ ನಿಂತರೆ ಒಳ್ಳೇದು. ಒಂದೇ ತಾಳದಲ್ಲಿ ಟಕ್ ಟಕ್ ಅಂತ ಕೆಳಗೆ ಬೀಳುತ್ತಿದ್ದರೆ ಒಂದು ವಾಲ್ವ್ ಸರಿಯಾಗಿ ಕೂರುತ್ತಿಲ್ಲದಿರಬಹುದು.

ಒಂದು ಸಿಲಿಂಡರ್ ಮಾತ್ರ ಮಲಗಿದ್ದರೆ ಅದರ ಪ್ಲಗ್ಗನ್ನು ಪಕ್ಕದ್ದಕ್ಕೆ ಹಾಕಿ ನೋಡಿ. ಮಿಸ್ಸಿಂಗ್ ಜೊತೆಗೇ ಹೋದರೆ ಪ್ಲಗ್. ಹೋಗದಿದ್ದರೆ ವೈರ್, ಆಮೇಲೆ ಇಂಜೆಕ್ಟರ್, ಇದೇ ಥರ. ಹೊಸದು ತಂದು ಹಾಕುವುದಕ್ಕಿಂತ ಇದು ನಂಬಿಕೆಯ ದಾರಿ, ಕಾಸೂ ಖರ್ಚಿಲ್ಲ. ಪ್ಲಗ್ ತೆಗೆದಾಗ ಬಣ್ಣ ನೋಡಿ. ತಿಳಿ ಕಂದು ಇದ್ದರೆ ಚೆನ್ನಾಗಿದೆ. ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಎಣ್ಣೆ ಜಿಡ್ಡು ಇದ್ದರೆ ಒಳಗಿನ ಕೆಲಸ.

ಪ್ಲಗ್ ವೈರಿನ ವಿಷಯಕ್ಕೆ ಬಂದರೆ, ನನ್ನ ಹಳೇ ಕಾರ್ಬ್ಯುರೇಟರ್ ಮಾರುತಿ 800 ಮಳೆಗಾಲದ ಬೆಳಿಗ್ಗೆಗಳಲ್ಲಿ ಮಾತ್ರ ಮಿಸ್ಸಿಂಗ್ ಹೊಡೆಯುತ್ತಿತ್ತು. ಬಿಸಿಲು ಬಂದರೆ ಏನೂ ಇಲ್ಲ. ಒಂದು ರಾತ್ರಿ ಕರೆಂಟ್ ಹೋಗಿತ್ತು. ಇಂಜಿನ್ ಓಡಲು ಬಿಟ್ಟು, ಬಾನೆಟ್ ಎತ್ತಿ, ಟಾರ್ಚ್ ಆರಿಸಿ, ದೂರದಿಂದ ವೈರುಗಳ ಮೇಲೆ ಮಂಜಿನಷ್ಟು ನೀರು ಹೊಡೆದೆ. ಎರಡನೇ ವೈರಿನ ಮೇಲೆ ಸಣ್ಣ ನೀಲಿ ದಾರಗಳು ಹರಿದಾಡಿದವು, ಕಿಡಿಯ ಕರೆಂಟ್ ಅಲ್ಲೇ ಸೋರುತ್ತಿತ್ತು. ಚಿಟಿಚಿಟಿ ಸದ್ದು ಬೇರೆ. ಹಗಲಲ್ಲಿ ಎಷ್ಟು ಸಲ ನೋಡಿದ್ದರೂ ಅದು ಕಾಣುತ್ತಿರಲಿಲ್ಲ.

ಕಾರ್ಬ್ಯುರೇಟರ್ ಗಾಡಿ ಇನ್ನೂ ಇಟ್ಟುಕೊಂಡಿರುವವರಿಗೆ ಒಂದು ಮಾತು. ನಿಂತಾಗ ಆಫ್ ಆಗುತ್ತಿದ್ದರೆ ಮೊದಲು ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ಸ್ಲೋ ಜೆಟ್ ತೆಗೆದು ಗಾಳಿ ಹೊಡೆಸಿ. ಪಿನ್ನು, ತಂತಿ ತೂರಿಸಬೇಡಿ, ತೂತು ದೊಡ್ಡದಾಗುತ್ತದೆ. ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೆ ಎಥನಾಲ್ ಇದೆ. ಎಥನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ ಹಳೇ ಸೆಟ್ಟಿಂಗ್‌ನಲ್ಲಿ ಮಿಶ್ರಣ ತೆಳುವಾಗುತ್ತದೆ. ಸೆನ್ಸರ್ ಇರುವ ಗಾಡಿ ಅದನ್ನು ಒಂದು ಮಟ್ಟಿಗೆ ಸರಿದೂಗಿಸಿಕೊಳ್ಳುತ್ತದೆ, ಕಾರ್ಬ್ಯುರೇಟರಿಗೆ ಆ ಬುದ್ಧಿ ಇಲ್ಲ. ಮಿಕ್ಸ್ಚರ್ ಸ್ಕ್ರೂ ಹೊಸದಾಗಿ ಸೆಟ್ ಮಾಡಿಸಬೇಕಾಗಬಹುದು.

ಕೊನೆಗೆ ಟ್ಯಾಪೆಟ್. ಇದನ್ನು ಕೇಳುವವರೇ ಇಲ್ಲ. ಟ್ಯಾಪೆಟ್ ಸಡಿಲ ಇದ್ದರೆ ಟಿಕ್ ಟಿಕ್ ಅನ್ನುತ್ತದೆ, ಎಲ್ಲರೂ ಓಡುತ್ತಾರೆ. ಬಿಗಿಯಾದರೆ ಇಂಜಿನ್ ಸದ್ದು ಇನ್ನೂ ಮೆತ್ತಗಾಗುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಕಾದಾಗ ವಾಲ್ವ್ ಹಿಗ್ಗಿ ಪೂರ್ತಿ ಮುಚ್ಚುವುದಿಲ್ಲ, ಆ ಸಿಲಿಂಡರಿನ ಒತ್ತಡ ಸೋರಿಹೋಗುತ್ತದೆ. ಎಲ್‌ಪಿಜಿ ಕಿಟ್ ಹಾಕಿಸಿದ ಗಾಡಿಗಳಲ್ಲಿ ಇದು ಜಾಸ್ತಿ. ಗ್ಯಾಸಿನಲ್ಲಿ ಓಡಿಸಿದಾಗ ವಾಲ್ವ್ ಸೀಟ್ ಬೇಗ ಸವೆಯುತ್ತದೆ, ವಾಲ್ವ್ ಮೇಲಕ್ಕೆ ಸರಿದು ಸಂದು ಮುಚ್ಚಿಕೊಳ್ಳುತ್ತದೆ. ನಮ್ಮ ಭಾವನ ಓಮ್ನಿಗೆ ಹೀಗೇ ಆಗಿತ್ತು. ಬೆಳಿಗ್ಗೆ ತಣ್ಣಗಿದ್ದಾಗ ಚೆನ್ನಾಗಿರುತ್ತಿತ್ತು, ಹತ್ತು ಕಿಲೋಮೀಟರ್ ಓಡಿದ ಮೇಲೆ ನಿಂತರೆ ಗಡಗಡ. ಮುಂದಿನ ಸೀಟ್ ಎತ್ತಿ, ಮೇಲಿನ ಕವರ್ ಬಿಚ್ಚಿ ಸಂದು ಅಳೆಯುವ ಪಟ್ಟಿಗಳನ್ನು, ಅಂದರೆ ಫೀಲರ್ ಗೇಜ್, ತೂರಿಸಲು ಹೋದೆವು. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿಗೆ ಇದ್ದುದರಲ್ಲೇ ತೆಳ್ಳನೆ ಪಟ್ಟಿಯೂ ಹೋಗಲಿಲ್ಲ. ಸಂದು ಅನ್ನುವುದೇ ಇರಲಿಲ್ಲ. ಸರಿಯಾದ ಅಳತೆಗೆ ಬಿಟ್ಟು ಲಾಕ್ ನಟ್ ಬಿಗಿದೆವು. ಅದಕ್ಕೂ ಮೊದಲು ಭಾವ ಎರಡು ಸಲ ಪ್ಲಗ್ ಬದಲಾಯಿಸಿದ್ದರು.

ಒಂದು ಸಿಲಿಂಡರ್ ಮಲಗಿರುವುದು ಖಚಿತವಾದರೆ ತಿಂಗಳುಗಟ್ಟಲೆ ಹಾಗೇ ಓಡಿಸಬೇಡಿ. ಸುಡದ ಪೆಟ್ರೋಲ್ ಎಕ್ಸಾಸ್ಟಿಗೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕಾಯಿಸಿ ಹಾಳು ಮಾಡುತ್ತದೆ.

ಈಗ ನಿಮ್ಮ ಪ್ರಶ್ನೆಗೆ ವಾಪಸ್. ಇಂಜಿನ್ ಇಳಿಸುವ ಮಾತು ಬಂದಾಗ 'ಅಣ್ಣಾ, ಮೊದಲು ಕಂಪ್ರೆಶನ್ ಚೆಕ್ ಮಾಡಿ ತೋರಿಸಿ' ಅನ್ನಿ. ಇಂಜಿನ್ ಬಿಸಿ ಮಾಡಿ, ಮೂರೂ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಒಂದೊಂದು ಸಿಲಿಂಡರಿನ ಒತ್ತಡ ಅಳೆಯುತ್ತಾರೆ. ಬೆಂಗಳೂರಿನಂಥ ಎತ್ತರದ ಊರಿನಲ್ಲಿ ಪುಸ್ತಕದ ಅಂಕಿಗಿಂತ ಹತ್ತು ಪರ್ಸೆಂಟ್ ಕಡಿಮೆ ಬರುವುದು ಸಹಜ. ಮೂರೂ ಒಂದಕ್ಕೊಂದು ಹತ್ತಿರ ಇವೆಯಾ ಅನ್ನುವುದು ಮುಖ್ಯ. ಒಂದು ಮಾತ್ರ ತೀರಾ ಕಡಿಮೆ ಇದ್ದರೆ ಆ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಲಿ. ಅಂಕಿ ಏರಿದರೆ ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಕಡೆಯ ತೊಂದರೆ ಇರುವುದೇ ಹೆಚ್ಚು. ಆಗ ಟ್ಯಾಪೆಟ್ ಸಂದು ನೋಡಿದ ಮೇಲೆ ವಾಲ್ವುಗಳಿರುವ ಮೇಲಿನ ಭಾಗ, ಅಂದರೆ ಹೆಡ್ ಮಾತ್ರ ತೆಗೆದರೆ ಸಾಕಾಗಬಹುದು, ಪೂರ್ತಿ ಇಂಜಿನ್ ಇಳಿಸಬೇಕಿಲ್ಲ. ಆ ಮೂರು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಚೀಟಿ ಕೈಗೆ ಬರುವ ತನಕ ಇಂಜಿನ್ನಿನ ಒಂದು ಬೋಲ್ಟ್ ಬಿಚ್ಚುವುದಕ್ಕೂ ಹೂಂ ಅನ್ನಬೇಡಿ.