ಮಾಂತ್ರಿಕನ ಬ್ರಹ್ಮಚರ್ಯಕ್ಕೆ ಆಟದಲ್ಲಿ ತೂಕ ಬರುವುದು ಹೇಗೆ?

ಪ್ರಶ್ನೆ: ಮೈಸೂರಿನಲ್ಲಿ ನಾವು ಕೆಲವು ಗೆಳೆಯರು ಕನ್ನಡದಲ್ಲೇ ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟ, ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಿನಲ್ಲೇ ಕತೆ ಕಟ್ಟುವ ಆಟ, ಆಡುತ್ತೇವೆ. ನಮ್ಮ ಲೋಕದ ಮಾಂತ್ರಿಕರು ಒಂದು ಮಠಕ್ಕೆ ಸೇರಿದ ಬ್ರಹ್ಮಚಾರಿಗಳು. ಆದರೆ ಈ ವ್ರತ ಪಾತ್ರದ ಹಾಳೆಯಲ್ಲಿ ಒಂದು ಸಾಲಾಗಿ ಉಳಿದಿದೆಯೇ ಹೊರತು ಯಾರನ್ನೂ ಎಲ್ಲಿಯೂ ತಡೆದಿಲ್ಲ. ಏನು ಮಾಡಬೇಕು?

ಉತ್ತರ: ಸುರಂಗದೊಳಗೆ ರಾಕ್ಷಸರನ್ನು ಎದುರಿಸುತ್ತಿರುವ ಪಾತ್ರಕ್ಕೆ ಪ್ರಣಯದ ಪ್ರಸಂಗವೇ ಒದಗದಿದ್ದಾಗ, ಅದನ್ನು ತ್ಯಜಿಸಿದ್ದೇನೆ ಎಂಬ ಮಾತಿಗೆ ಬೆಲೆ ಹುಟ್ಟುವುದಿಲ್ಲ. ಪಾತ್ರ ಹೊರುವ ವ್ರತದ ತೊಡಕಿಗೆ ಪ್ರತಿಯಾಗಿ ಅಂಕ ಕೊಡುವ ಗರ್ಪ್ಸ್ ಎಂಬ ಇಂಥದೇ ಆಟದ ನಾಲ್ಕನೆಯ ಆವೃತ್ತಿ ಇದನ್ನು ನೇರವಾಗಿ ಒಪ್ಪಿಕೊಂಡಿದೆ: ಅಲ್ಲಿ ಬ್ರಹ್ಮಚರ್ಯಕ್ಕೂ ಸಸ್ಯಾಹಾರಕ್ಕೂ ಸಿಗುವುದು ತಲಾ 5 ಅಂಕ, ಸದಾಕಾಲ ಮೌನವಾಗಿರುವುದಕ್ಕಾದರೆ 10. ವ್ರತ ಎಷ್ಟು ಪವಿತ್ರ ಎಂಬುದಕ್ಕಿಂತ, ಆಟದ ನಡುವೆ ಅದು ಎಷ್ಟು ಬಾರಿ ಅಡ್ಡ ಬರುತ್ತದೆ ಎಂಬುದೇ ಈ ಲೆಕ್ಕದ ಆಧಾರ.

ಹಾಗಾಗಿ ಬ್ರಹ್ಮಚರ್ಯವನ್ನು ದೇಹಕ್ಕೆ ಸೀಮಿತಗೊಳಿಸದೆ, ಮನೆ ಕಟ್ಟದಿರುವ ಸಂಕಲ್ಪವಾಗಿ ರೂಪಿಸಿರಿ ಎಂಬುದು ನನ್ನ ಸಲಹೆ. ಮದುವೆಯಿಲ್ಲ ಎಂದರೆ ಬೀಗತನದ ಬಲವಿಲ್ಲ, ಪಿತ್ರಾರ್ಜಿತ ಹೊಲವಿಲ್ಲ, ಹೆಸರು ಹೇಳುವ ಮಕ್ಕಳಿಲ್ಲ. ಪಾಳೆಯಗಾರನೊಬ್ಬ ಮಗಳನ್ನು ಕೊಟ್ಟು ಕೋಟೆಯನ್ನೂ ಒಪ್ಪಿಸಲು ಸಿದ್ಧನಾದಾಗ, ಅಥವಾ ಊರಿನಲ್ಲಿ ಅಣ್ಣ ಸತ್ತು ಅವನ ಎಳೆಯ ಮಕ್ಕಳಿಗೆ ದಿಕ್ಕಿಲ್ಲದಾದಾಗ, ಮಾಂತ್ರಿಕ ನಿಜವಾಗಿಯೂ ಏನನ್ನೋ ಬಿಟ್ಟುಕೊಡಬೇಕಾಗುತ್ತದೆ. ಎರಡನೆಯ ಸಂದರ್ಭ ಇನ್ನೂ ಕಠಿಣ, ಏಕೆಂದರೆ ಅಲ್ಲಿ ವ್ರತ ಮುರಿಯುವ ದಾರಿಯೂ ಧರ್ಮವೇ ಆಗಿರುತ್ತದೆ.

ಎಲ್ಲರಿಗೂ ಒಂದೇ ಅಳತೆಯ ವ್ರತ ಬೇಕಾಗಿಲ್ಲ. ಜೈನರಲ್ಲಿ ಮುನಿಗಳ ಮಹಾವ್ರತವಾಗಿ ಬ್ರಹ್ಮಚರ್ಯವೆಂದರೆ ಪೂರ್ಣ ತ್ಯಾಗ, ಗೃಹಸ್ಥರ ಅಣುವ್ರತವಾಗಿ ಅದು ಸಂಗಾತಿಗೆ ನಿಷ್ಠೆ. ನಿಮ್ಮ ಮಠದಲ್ಲಿಯೂ ಸಣ್ಣ ಮಂತ್ರಗಳನ್ನು ಗೃಹಸ್ಥರು ಕಲಿಯಬಹುದು, ದೊಡ್ಡವು ಮುನಿಗಳಿಗೆ ಮೀಸಲಿರಬಹುದು. ಶಬರಿಮಲೆಗೆ ಮಾಲೆ ಹಾಕಿ 41 ದಿನ ವ್ರತ ನಡೆಸುವವರನ್ನು ನೀವು ಪ್ರತಿವರ್ಷ ಮೈಸೂರಿನ ಬೀದಿಗಳಲ್ಲಿ ಕಾಣುತ್ತೀರಿ. ಅದೇ ರೀತಿ ಒಂದು ಮಹಾಮಂತ್ರದ ಸಿದ್ಧತೆಗಾಗಿ ಗಡುವುಳ್ಳ ವ್ರತವನ್ನಿಟ್ಟರೆ ಆಟಗಾರನಿಗೆ ದಿನಗಳು ಎಣಿಕೆಗೆ ಸಿಗುತ್ತವೆ, ಎದುರಾಳಿಗೂ ಸಿಗುತ್ತವೆ.

ವ್ರತ ಮುರಿದರೆ ಶಕ್ತಿಯೆಲ್ಲ ಒಮ್ಮೆಲೇ ಹೋಗುವಂತೆ ಮಾಡಬೇಡಿ. ಹಾಗೆ ಮಾಡಿದರೆ ಆ ಆಟಗಾರನಿಗೆ ಮೇಜಿನ ಬಳಿ ಕೆಲಸವೇ ಉಳಿಯುವುದಿಲ್ಲ. 1978ರ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟದ ನಿಯಮಗಳಲ್ಲಿ ಪ್ಯಾಲಡಿನ್ ಎಂಬ ಧರ್ಮಯೋಧ ತಿಳಿದೂ ತಿಳಿದೂ ದುಷ್ಟ ಕೃತ್ಯ ಎಸಗಿದರೆ ಆ ಸ್ಥಾನವನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತಿದ್ದ; ಆದರೆ ಅದಕ್ಕಿಂತ ಸಣ್ಣ ತಪ್ಪುಗಳಿಗೆ ಹಿರಿಯ ಪುರೋಹಿತನೆದುರು ತಪ್ಪೊಪ್ಪಿಕೊಂಡು ಪ್ರಾಯಶ್ಚಿತ್ತ ಮಾಡಿಕೊಳ್ಳುವ ದಾರಿಯಿತ್ತು. ಈ ಎರಡನೆಯ ದಾರಿಯಲ್ಲೇ ಕತೆ ಇದೆ. ಪ್ರಾಯಶ್ಚಿತ್ತವನ್ನು ವಿಧಿಸುವವರು ಯಾರು, ವ್ರತದಿಂದ ಬಿಡುಗಡೆ ಕೊಡುವ ಅಧಿಕಾರ ಯಾರದ್ದು ಎಂಬುದನ್ನು ಮೊದಲೇ ತೀರ್ಮಾನಿಸಿ. ಪ್ರಲೋಭನೆಯ ದೃಶ್ಯಗಳು ಎಷ್ಟರ ಮಟ್ಟಿಗೆ ಇರಬಹುದು ಎಂಬುದನ್ನೂ ಆಟ ಆರಂಭಿಸುವ ಮುನ್ನ ಎಲ್ಲರೂ ಕೂತು ಮಾತಾಡಿಕೊಳ್ಳಿ. ಒಬ್ಬರಿಗೆ ಇರಿಸುಮುರಿಸಾದರೂ ಆ ದೃಶ್ಯ ಬೇಡ.

ಇನ್ನು, ಮಕ್ಕಳಿಲ್ಲದ ಮಠಕ್ಕೆ ಮುಂದಿನ ಮಾಂತ್ರಿಕ ಎಲ್ಲಿಂದ ಬರುತ್ತಾನೆ? ಬ್ರಹ್ಮಚರ್ಯದ ನಿಜವಾದ ಬೆಲೆಯನ್ನು ಬಹಳ ಸಲ ತೆರುವವರು ವ್ರತಸ್ಥರಲ್ಲ, ಮಗನನ್ನು ಕೊಡಬೇಕಾದ ಮನೆಯವರು. ಮಂಡ್ಯ ಸೀಮೆಯಲ್ಲಿ ನೀಲಗಾರರೆಂಬ ಜನಪದ ಗಾಯಕರು ಇಂದಿಗೂ ಹಾಡುವ ಮಂಟೇಸ್ವಾಮಿಯ ಕಾವ್ಯದಲ್ಲಿ, ಗುರು ಮಂಟೇಸ್ವಾಮಿ ಆಚಾರಿ ಮನೆಯ ಕೆಂಪಾಚಾರಿಯನ್ನು ಶಿಷ್ಯನಾಗಿ ಬೇಡುವ ಭಾಗ ಈ ಸಂಕಟದ ಸುತ್ತಲೇ ಬೆಳೆಯುತ್ತದೆ. ಆ ಹುಡುಗ ಮುಂದೆ ಸಿದ್ದಪ್ಪಾಜಿಯಾಗಿ, ಕಬ್ಬಿಣದ ಭಿಕ್ಷೆ ತರಲು ಹಲಗೂರಿಗೆ ಹೋಗಿ ಪರೀಕ್ಷೆಗೆ ಒಳಗಾಗುತ್ತಾನೆ. ನಿಮ್ಮ ಮಾಂತ್ರಿಕನ ಹಾಳೆಯಲ್ಲಿ ವ್ರತದ ಸಾಲಿನ ಕೆಳಗೆ ಅವನನ್ನು ಮಠಕ್ಕೆ ಕಳುಹಿಸಿದವರ ಹೆಸರನ್ನು ಬರೆಯಿರಿ. ಅವರು ಬದುಕಿದ್ದಾರೆಯೇ, ಮನಸಾರೆ ಕಳುಹಿಸಿದರೇ, ಅವನು ಮರಳಿ ಬರುವ ದಿನಕ್ಕೆ ಇನ್ನೂ ಕಾಯುತ್ತಿದ್ದಾರೆಯೇ ಎಂಬುದನ್ನು ಆಟಗಾರನೇ ನಿರ್ಧರಿಸಲಿ.